ಅನಿಮೇಷನ್ ಕಥಾಚಿತ್ರಕ್ಕೆ ಪ್ರತ್ಯೇಕ ಪ್ರಶಸ್ತಿ ಬೇಕು

ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಯಲ್ಲಿ 2022ರ ಕಥಾಚಿತ್ರಗಳಿಂದ ಆರಂಭಿಸಿ ಅನಿಮೇಷನ್, ವಿಎಫ್‌ಎಕ್ಸ್ (ಕಂಪ್ಯೂಟರ್‌ನಲ್ಲಿ ಸೃಷ್ಟಿಸುವ ದೃಶ್ಯ ಪರಿಣಾಮ), ಗೇಮಿಂಗ್, ಕಾಮಿಕ್ ಎಲ್ಲವನ್ನೂ ಒಂದೇ ವಿಭಾಗಕ್ಕೆ ತುರುಕಲಾಗಿದೆ. ಆ ವರ್ಷದ ಪ್ರಶಸ್ತಿ ನಟರನ್ನಿಟ್ಟು ಚಿತ್ರೀಕರಿಸಿದ ‘ಬ್ರಹ್ಮಾಸ್ತ್ರ’ದ ಪಾಲಾಯಿತು. ಅದರ ವಿಎಫ್‌ಎಕ್ಸ್ ಶ್ರಮ ದೊಡ್ಡದೇ. ಆದರೆ ಅನಿಮೇಷನ್‌ನಲ್ಲಿ ಪಾತ್ರವೊಂದರ ನಡಿಗೆ, ರೆಪ್ಪೆಯ ಮಿಟುಕನ್ನೂ ಸೆಕೆಂಡಿಗೆ 24 ಫ್ರೇಮ್‌ ಲೆಕ್ಕದಲ್ಲಿ ಸೊನ್ನೆಯಿಂದ ಕಟ್ಟುವ ಕೆಲಸವೇ ಬೇರೆ.

ಅಮೆರಿಕದಲ್ಲಿ 1972ರಲ್ಲಿ ಶುರುವಾದ, ಅನಿಮೇಷನ್‌ಗೆಂದೇ ಮೀಸಲಾದ ಆನಿ ಪ್ರಶಸ್ತಿ ಈಗ ಸ್ಟೋರಿಬೋರ್ಡ್ (ದೃಶ್ಯಗಳನ್ನು ಮೊದಲೇ ಬರೆದಿಡುವ ಚಿತ್ರಸರಣಿ), ಪಾತ್ರ ವಿನ್ಯಾಸ, ಪಾತ್ರ ಚಲನೆ, ಕಂಠದಾನಗಳನ್ನು ಬಿಡಿಬಿಡಿಯಾಗಿ ಗೌರವಿಸುತ್ತದೆ, ಸಿನಿಮಾ, ಟಿ.ವಿ.ಗೂ ಬೇರೆ ಬೇರೆ. ಆಸ್ಕರ್‌ನ ಅನಿಮೇಷನ್ ಕಥಾಚಿತ್ರ ವಿಭಾಗಕ್ಕೆ ಅವಧಿಯ ಶೇ 75ರಷ್ಟಾದರೂ ಅನಿಮೇಷನ್ ಇರಲೇಬೇಕು. ನಮ್ಮ ನಿಯಮಾವಳಿಗೂ ಇಂಥ ಮಿತಿ ಬರಲಿ. ಜೊತೆಗೆ ಸ್ಟೋರಿಬೋರ್ಡ್, ಪಾತ್ರ ಚಲನೆಗೆ ಕಲಾವಿದರ ಹೆಸರಿನಲ್ಲೇ ಪದಕ ನೀಡಬೇಕು. ಬೆಂಗಳೂರಿನ ಸ್ಟುಡಿಯೊಗಳಲ್ಲಿ ದುಡಿಯುವವರ ಹೆಸರು ಆಗಲಾದರೂ ಪ್ರೇಕ್ಷಕರಿಗೆ ತಿಳಿದೀತು.