ಭಾನುವಾರದ ವಾಕಿಂಗ್: ಬೋಂಡಾ ಬದಲು ಬೀಜ

ಎಲ್ಲರಿಗೂ ನಮಸ್ಕಾರ. ಈ ಭಾನುವಾರದಿಂದ ವಾಕಿಂಗ್ ಮುಗಿದ ಮೇಲೆ ಬೋಂಡಾ ತರಿಸುವುದಿಲ್ಲ. ಒಬ್ಬೊಬ್ಬರಿಗೂ ಒಂದು ಹಿಡಿ, ಅಂದರೆ ಸುಮಾರು 30 ಗ್ರಾಂ, ಉಪ್ಪು ಹಾಕದೆ ಹುರಿದ ಕಡಲೆಕಾಯಿ ಬೀಜ ಅಥವಾ ಬಾದಾಮಿ ಕೊಡುತ್ತೇವೆ. ನಿನ್ನೆ ಮನೆಯ ತಕ್ಕಡಿಯಲ್ಲಿ ತೂಗಿ ನೋಡಿದೆ, ಬಾದಾಮಿ ಆದರೆ 24 ಬಂತು.

ಯಾಕೆ ಅಂದರೆ, ನಮ್ಮಲ್ಲಿ ತುಂಬಾ ಜನರಿಗೆ ಎಲ್‌ಡಿಎಲ್, ಅಂದರೆ ಕೆಟ್ಟ ಕೊಲೆಸ್ಟ್ರಾಲ್, ಜಾಸ್ತಿ ಇದೆ ಅಲ್ವಾ. ಬಾದಾಮಿಯ ಕೊಬ್ಬಿನಲ್ಲಿ ಅರ್ಧಕ್ಕಿಂತ ಜಾಸ್ತಿ, ಕಡಲೆಕಾಯಿಯಲ್ಲಿ ಹೆಚ್ಚುಕಡಿಮೆ ಅರ್ಧ, ಮೊನೊಅನ್‌ಸ್ಯಾಚುರೇಟೆಡ್ ಕೊಬ್ಬು, ಅಂದರೆ ಹೃದಯಕ್ಕೆ ಒಳ್ಳೆಯ ಬಗೆಯ ಕೊಬ್ಬು. ಬೆಣ್ಣೆ, ವನಸ್ಪತಿಯ ತಿಂಡಿ ಬಿಟ್ಟು ಆ ಜಾಗದಲ್ಲಿ ದಿನಾ ಇದನ್ನು ತಿಂದರೆ ಎಲ್‌ಡಿಎಲ್ ಸ್ವಲ್ಪ ಇಳಿಯುತ್ತದೆ, ಒಳ್ಳೆಯದು ಅನ್ನುವ ಎಚ್‌ಡಿಎಲ್ ಅಷ್ಟಾಗಿ ಬದಲಾಗುವುದಿಲ್ಲ. ಆದರೆ ಬೋಂಡಾ ಜೊತೆಗೇ ಸುಮ್ನೆ ಬೀಜವನ್ನೂ ತಿಂದರೆ ತೂಕ ಏರುತ್ತದೆ, ಆ ಒಂದು ಹಿಡಿಯಲ್ಲೇ ಸುಮಾರು 170 ಕ್ಯಾಲೊರಿ ಇದೆ.

ಕೊಲೆಸ್ಟ್ರಾಲ್ ಮಾತ್ರೆ ತಗೊಳ್ಳುವವರು ದಯವಿಟ್ಟು ನಿಲ್ಲಿಸಬೇಡಿ. ಇದು ಅದರ ಬದಲು ಅಲ್ಲ.

ಕಡಲೆಕಾಯಿ, ಬಾದಾಮಿ ಅಲರ್ಜಿ ಇರುವವರು ಶುಕ್ರವಾರ ರಾತ್ರಿಯೊಳಗೆ ಇಲ್ಲೇ ಬರೆಯಿರಿ, ಶನಿವಾರ ಬೆಳಿಗ್ಗೆ ಸಾಮಾನು ತರಬೇಕು. ಉಳಿದವರು ಯಾವ ಬೀಜ ಬೇಕು ಅಂತ ತಿಳಿಸಿ. ಈಗಿನ ಲಿಪಿಡ್ (ಕೊಲೆಸ್ಟ್ರಾಲ್ ರಕ್ತ ಪರೀಕ್ಷೆ) ರಿಪೋರ್ಟ್ ಜೋಪಾನವಾಗಿ ಇಟ್ಟುಕೊಳ್ಳಿ, 3 ತಿಂಗಳು ಬಿಟ್ಟು ಮತ್ತೆ ಪರೀಕ್ಷೆ ಮಾಡಿಸೋಣ.