ಚಳಿಗಾಲದ ರಾತ್ರಿ ಮತ್ತು ಮನೆಯ ಅಕ್ವೇರಿಯಂ

ಮಾನ್ಯ ಸಂಪಾದಕರೇ,

ಚಳಿ ಶುರುವಾಯಿತೆಂದರೆ ಅಕ್ವೇರಿಯಂ ಅಂಗಡಿಗಳಲ್ಲಿ ಒಂದೇ ದೂರು. ನಿನ್ನೆ ಸಂಜೆಯವರೆಗೂ ಚೆನ್ನಾಗಿ ಓಡಾಡಿಕೊಂಡಿದ್ದ ಮೀನು ಬೆಳಿಗ್ಗೆ ತಳ ಹಿಡಿದು ಕೂತಿದೆ, ರೆಕ್ಕೆ ಮುದುಡಿಕೊಂಡಿದೆ, ಮೈಮೇಲೆ ಉಪ್ಪು ಉದುರಿಸಿದಂತೆ ಬಿಳಿ ಚುಕ್ಕೆಗಳಿವೆ. ಬಂದವರ ಕೈಗೆ ಔಷಧದ ಬಾಟಲಿ ಸೇರುತ್ತದೆ. ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆಯನ್ನು ಹೆಚ್ಚಿನವರು ಕೇಳುವುದೇ ಇಲ್ಲ: ನಿಮ್ಮ ತೊಟ್ಟಿಯ ನೀರು ಮಧ್ಯಾಹ್ನ ಎಷ್ಟು ಡಿಗ್ರಿ ಇತ್ತು, ಬೆಳಗಿನ ಜಾವ ಎಷ್ಟಿತ್ತು? ಮೀನು ಸಾಕುವ ಮನೆಗಳು ಹೆಚ್ಚುತ್ತಿರುವುದರಿಂದ ಈ ಬಗ್ಗೆ ನಾಲ್ಕು ಮಾತು ತಮ್ಮ ಪತ್ರಿಕೆಯ ಮೂಲಕ ಹೇಳಬೇಕೆನಿಸಿತು.

ಮೀನಿಗೆ ತನ್ನದೇ ಮೈಬಿಸಿ ಇಲ್ಲ. ನೀರು ಎಷ್ಟು ಬೆಚ್ಚಗಿದೆಯೋ ಅದರ ಮೈಯೂ ಅಷ್ಟೇ. ನೀರು ತಣ್ಣಗಾದಂತೆ ಉಸಿರಾಟ, ಜೀರ್ಣ, ರೋಗ ತಡೆಯುವ ಶಕ್ತಿ ಎಲ್ಲವೂ ನಿಧಾನವಾಗುತ್ತವೆ. ನಮ್ಮ ಮನೆಗಳಲ್ಲಿ ಹೆಚ್ಚಾಗಿ ಕಾಣುವ ಗಪ್ಪಿ, ಮೋಲಿ, ಏಂಜೆಲ್, ಟೆಟ್ರಾ, ಫೈಟರ್ ಮೀನುಗಳು 24ರಿಂದ 27 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಆರಾಮವಾಗಿರುತ್ತವೆ. ಹಾಗಂತ ಒಂದೆರಡು ಡಿಗ್ರಿ ಕಡಿಮೆಯಾದ ಮಾತ್ರಕ್ಕೆ ಅವು ಸಾಯುವುದಿಲ್ಲ. ಅವುಗಳನ್ನು ಬಳಲಿಸುವುದು ದಿನದಿನದ ಏರಿಳಿತ. ಹಗಲು 26, ರಾತ್ರಿ 20, ಮತ್ತೆ ಹಗಲು 26 ಎಂದು ಓಲಾಡುವ ನೀರಿಗಿಂತ ಸದಾ 23ರಲ್ಲಿ ನಿಂತಿರುವ ನೀರು ಎಷ್ಟೋ ಮೇಲು. ಡಿಸೆಂಬರ್-ಜನವರಿಯಲ್ಲಿ ಬೆಂಗಳೂರಿನ ಹಗಲು 27 ಡಿಗ್ರಿ, ಬೆಳಗಿನ ಜಾವ 15-16. ಬೀದರ್, ವಿಜಯಪುರದ ಕಡೆ ಕೆಲವು ರಾತ್ರಿ 10 ಡಿಗ್ರಿಯ ಆಸುಪಾಸಿಗೂ ಇಳಿಯುತ್ತದೆ. ಮನೆಯೊಳಗೆ ಅಷ್ಟು ಇಳಿಯದಿದ್ದರೂ ತೊಟ್ಟಿಯ ನೀರು ಹೊರಗಿನ ಓಲಾಟವನ್ನೇ ಹಿಂಬಾಲಿಸುತ್ತದೆ. ಬಿಳಿಚುಕ್ಕೆ ರೋಗದ ಪರಾವಲಂಬಿ ಮೀನಿನ ಮೇಲೆ ಕೈ ಮಾಡುವುದು ಇಂಥ ಹೊತ್ತಿನಲ್ಲೇ.

ಗೋಲ್ಡ್‌ಫಿಶ್ ಸಾಕಿರುವವರು ಗಾಬರಿಯಾಗಬೇಕಿಲ್ಲ. ಅದು ತಂಪು ನೀರಿನ ಮೀನು. 18ರಿಂದ 22 ಡಿಗ್ರಿ ಅದಕ್ಕೆ ಒಗ್ಗುತ್ತದೆ, ಹೀಟರ್ ಬೇಡ. ಜೀಬ್ರಾ ಡೇನಿಯೊ ಕೂಡ ತಂಪು ತಡೆಯುತ್ತದೆ. ಆದರೆ ಗೋಲ್ಡ್‌ಫಿಶ್ ಮತ್ತು ಏಂಜೆಲ್ ಎರಡನ್ನೂ ಒಂದೇ ತೊಟ್ಟಿಗೆ ಬಿಟ್ಟವರಿಗೆ ಚಳಿಗಾಲದಲ್ಲಿ ಸರಿಯಾದ ಉಷ್ಣಾಂಶ ಎಂಬುದೇ ಇಲ್ಲ. ಒಂದಕ್ಕೆ ಹಿತವಾದದ್ದು ಇನ್ನೊಂದಕ್ಕೆ ಆಗದು. ಅಂಗಡಿಯವರು ಮಾರುವಾಗಲೇ ಇದನ್ನು ಹೇಳಬೇಕು.

ಹೀಟರ್ ಕೊಳ್ಳುವ ಮೊದಲು ಮುಚ್ಚಳದ ಕಡೆ ನೋಡಿ. ತೊಟ್ಟಿಯ ಬಿಸಿ ಹೆಚ್ಚಾಗಿ ಕಳೆದುಹೋಗುವುದು ಮೇಲಿನಿಂದ, ನೀರು ಆವಿಯಾಗುವಾಗ. ಲೆಕ್ಕ ಹಾಕಿದರೆ ಇದು ಚಿಕ್ಕ ವಿಷಯವಲ್ಲ. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ತೊಟ್ಟಿಯಲ್ಲಿ ಸುಮಾರು 45 ಲೀಟರ್ ನೀರು ಹಿಡಿಯುತ್ತದೆ ಎನ್ನಿ. ಅದರಲ್ಲಿ ಬರೀ ಅರ್ಧ ಲೀಟರ್ ಆವಿಯಾಗಲು ಬೇಕಾಗುವ ಶಾಖದಲ್ಲಿ ಇಡೀ 45 ಲೀಟರನ್ನು ಆರು ಡಿಗ್ರಿಗೂ ಹೆಚ್ಚು ಬಿಸಿ ಮಾಡಬಹುದು. ಆದ್ದರಿಂದ ತೊಟ್ಟಿಯ ಅಳತೆಗೆ ಸರಿಯಾಗಿ 4 ಮಿಲಿಮೀಟರ್ ದಪ್ಪದ ಗಾಜಿನ ಪಟ್ಟಿ ಕತ್ತರಿಸಿ ಮೇಲೆ ಮುಚ್ಚಿ. ವೈರು ಮತ್ತು ಗಾಳಿಯ ಪೈಪು ಹೋಗಲು ಒಂದು ಮೂಲೆಯಲ್ಲಿ ಎರಡು ಬೆರಳು ಜಾಗ ಬಿಟ್ಟರೆ ಸಾಕು. ಹಿಂಭಾಗ, ಎರಡು ಪಕ್ಕಗಳಿಗೆ ಅರ್ಧ ಇಂಚಿನ ಥರ್ಮಕೋಲ್ ಅಂಟಿಸಿ. ತೊಟ್ಟಿಯ ಅಡಿಗೂ ಒಂದು ಹಾಳೆ ಇರಬೇಕು. ಗ್ರಾನೈಟ್ ಅಥವಾ ಕಡಪ ಕಲ್ಲಿನ ಕಟ್ಟೆಯ ಮೇಲೆ ಇಟ್ಟವರಿಗಂತೂ ಇದು ಬೇಕೇ ಬೇಕು. ಕಲ್ಲು ರಾತ್ರಿಯಿಡೀ ತಳದಿಂದ ಬಿಸಿ ಎಳೆಯುತ್ತಲೇ ಇರುತ್ತದೆ. ಮುಂದಿನ ಗಾಜು ತೆರೆದೇ ಇರಲಿ. ಕಿಟಕಿಯ ಕೆಳಗೆ, ಬಾಗಿಲ ಎದುರಿಗೆ ತೊಟ್ಟಿ ಬೇಡ. ಪೂರ್ವದ ಬಿಸಿಲು ನೇರವಾಗಿ ಬೀಳುವ ಜಾಗವೂ ಒಳ್ಳೆಯದಲ್ಲ. ಬೆಳಿಗ್ಗೆ ಎರಡು ಗಂಟೆ ಕಾಯಿಸಿ ಆಮೇಲೆ ಬಿಟ್ಟುಬಿಡುವ ಬಿಸಿಲಿನಿಂದ ಓಲಾಟ ಹೆಚ್ಚುತ್ತದೆ, ಪಾಚಿಯೂ ಬೆಳೆಯುತ್ತದೆ.

ಇನ್ನು ಹೀಟರ್. ತೊಟ್ಟಿಯ ನೀರು ಕೋಣೆಗಿಂತ ಆರೇಳು ಡಿಗ್ರಿ ಬೆಚ್ಚಗಿರಬೇಕಾದರೆ, ಮುಚ್ಚಳ ಇದ್ದಲ್ಲಿ, ಲೀಟರಿಗೆ ಒಂದು ವಾಟ್ ಸಾಕು. 45 ಲೀಟರಿಗೆ 50 ವಾಟ್, 20 ಲೀಟರಿಗೆ 25 ವಾಟ್. ಹತ್ತು ಡಿಗ್ರಿ ಅಂತರ ಬೇಕಾಗುವ ಊರುಗಳಲ್ಲಿ 75ಕ್ಕೆ ಹೋಗಬಹುದು. ದೊಡ್ಡದಿದ್ದರೆ ಬೇಗ ಬಿಸಿಯಾಗುತ್ತದಲ್ಲ ಎಂದು 20 ಲೀಟರಿನ ತೊಟ್ಟಿಗೆ 100 ವಾಟ್ ಹಾಕುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಹೀಟರಿನ ಒಳಗಿರುವ ಥರ್ಮೋಸ್ಟ್ಯಾಟ್ ದಿನಕ್ಕೆ ಎಷ್ಟೋ ಸಲ ಆನ್-ಆಫ್ ಆಗುತ್ತದೆ, ಪ್ರತಿ ಸಲವೂ ಸಣ್ಣ ಕಿಡಿ ಹಾರಿ ಅದರ ಸಂಪರ್ಕ ಬಿಂದು ಸವೆಯುತ್ತದೆ. ಕೊನೆಗೊಂದು ದಿನ ಅದು ಆನ್ ಆದ ಸ್ಥಿತಿಯಲ್ಲೇ ಅಂಟಿಕೊಳ್ಳಬಹುದು. ಆಗ 20 ಲೀಟರ್ ನೀರನ್ನು 100 ವಾಟ್ ಗಂಟೆಗೆ ನಾಲ್ಕು ಡಿಗ್ರಿಯಂತೆ ಏರಿಸುತ್ತಾ ಹೋಗುತ್ತದೆ. ಮನೆಯವರು ಏಳುವ ಹೊತ್ತಿಗೆ ಮೀನು ಬೆಂದಿರುತ್ತದೆ. ಅದೇ 25 ವಾಟಿನದ್ದು ಅಂಟಿಕೊಂಡರೂ ಗಂಟೆಗೆ ಒಂದು ಡಿಗ್ರಿಯಷ್ಟೇ, ಅದೂ ಬಿಸಿ ಹೊರಗೆ ಹೋಗುವುದರಿಂದ ಬರಬರುತ್ತಾ ಕಡಿಮೆ. ನೋಡಿ ಸರಿಪಡಿಸಲು ಸಮಯ ಸಿಗುತ್ತದೆ. ಎರಡಡಿ ತೊಟ್ಟಿಗೆ ಒಂದು 50ರ ಬದಲು ಎರಡು 25 ವಾಟಿನ ಹೀಟರ್‌ಗಳನ್ನು ಎರಡು ತುದಿಯಲ್ಲಿ ಹಾಕುವುದು ನನ್ನ ಮಟ್ಟಿಗೆ ಅತ್ಯುತ್ತಮ ಏರ್ಪಾಡು. ಒಂದು ಅಂಟಿಕೊಂಡರೆ ನೀರು ಕುದಿಯುವುದಿಲ್ಲ, ಒಂದು ಸತ್ತರೆ ನೀರು ಒಮ್ಮೆಲೇ ತಣ್ಣಗಾಗುವುದಿಲ್ಲ.

ಹೀಟರ್ ಹಾಕಿದ ತಕ್ಷಣ ನೀರು ಬಿಸಿಯಾಗಲಿಲ್ಲ ಎಂದು ಅಂಗಡಿಗೆ ವಾಪಸ್ ತರುವವರೂ ಇದ್ದಾರೆ. 45 ಲೀಟರ್ ನೀರು ಒಂದು ಡಿಗ್ರಿ ಏರಲು 50 ವಾಟಿಗೆ ಒಂದು ಗಂಟೆಗೂ ಹೆಚ್ಚು ಬೇಕು. 18ರಿಂದ 25ಕ್ಕೆ ಬರಲು ಅರ್ಧ ದಿನವಾದರೂ ಹಿಡಿಯುತ್ತದೆ. ಮೀನಿಗೂ ಆ ನಿಧಾನವೇ ಹಿತ.

ಇಡುವ ಜಾಗ ಮುಖ್ಯ. ಫಿಲ್ಟರಿನ ನೀರು ಹೊರಬರುವ ಕಡೆ, ತಳದಿಂದ ಎರಡು-ಮೂರು ಇಂಚು ಮೇಲೆ, ಅಡ್ಡಲಾಗಿ ಅಥವಾ ಓರೆಯಾಗಿ ರಬ್ಬರ್ ಬಟ್ಟಲುಗಳಿಂದ ಗಾಜಿಗೆ ಕಚ್ಚಿಸಿ. ಪೂರ್ತಿ ಮುಳುಗಿಸಬಹುದಾದ ಹೀಟರ್ ಹೌದೋ ಅಲ್ಲವೋ ಎಂಬುದನ್ನು ಡಬ್ಬಿಯ ಮೇಲೆ ಓದಿ. ಅಲ್ಲದಿದ್ದರೆ ಅದರ ಮೈಮೇಲಿನ ಗೆರೆಯವರೆಗೆ ಮಾತ್ರ ನೀರು ಬರಬೇಕು. ಜಲ್ಲಿಕಲ್ಲಿನಲ್ಲಿ ಹೂತಿಟ್ಟರೆ ಆ ಭಾಗದಲ್ಲಿ ಬಿಸಿ ಕಟ್ಟಿಕೊಂಡು ಗಾಜು ಸೀಳುತ್ತದೆ. ನೀರು ಓಡದ ಮೂಲೆಯಲ್ಲಿಟ್ಟರೆ ಹೀಟರ್ ತನ್ನ ಸುತ್ತಲಿನ ನೀರನ್ನಷ್ಟೇ ಕಾಯಿಸಿ ಆಫ್ ಆಗುತ್ತದೆ, ಆಚೆ ತುದಿ ತಣ್ಣಗೇ ಉಳಿಯುತ್ತದೆ. ಅದಕ್ಕೇ ಥರ್ಮಾಮೀಟರ್ ಹೀಟರಿನ ಎದುರು ತುದಿಯಲ್ಲಿರಬೇಕು. ಗಾಜಿನ ಹೊರಗೆ ಅಂಟಿಸುವ ಬಣ್ಣದ ಪಟ್ಟಿ ಅರ್ಧ ನೀರಿನ, ಅರ್ಧ ಕೋಣೆಯ ಉಷ್ಣಾಂಶ ತೋರಿಸುತ್ತದೆ. ಒಳಗೆ ಮುಳುಗಿಸುವ ಗಾಜಿನ ಥರ್ಮಾಮೀಟರ್ ತೆಗೆದುಕೊಳ್ಳಿ. ಹೀಟರಿನ ತಿರುಗಣೆಯಲ್ಲಿ 25 ಎಂದಿದ್ದರೆ ನೀರು 23ಕ್ಕೂ ನಿಲ್ಲಬಹುದು, 27ಕ್ಕೂ ನಿಲ್ಲಬಹುದು. ಥರ್ಮಾಮೀಟರ್ ಹೇಳಿದ್ದನ್ನು ನಂಬಿ, ಒಂದು ದಿನ ಬಿಟ್ಟು ತಿರುಗಣೆಯನ್ನು ಕೂದಲೆಳೆಯಷ್ಟು ಸರಿಸಿ, ಮತ್ತೆ ಒಂದು ದಿನ ಕಾದು ನೋಡಿ. ಬೆಳಿಗ್ಗೆ ಆರಕ್ಕೊಮ್ಮೆ, ಮಧ್ಯಾಹ್ನ ಮೂರಕ್ಕೊಮ್ಮೆ ನೋಡಿ ಬರೆದಿಟ್ಟರೆ ನಾಲ್ಕೇ ದಿನದಲ್ಲಿ ನಿಮ್ಮ ತೊಟ್ಟಿಯ ಸ್ವಭಾವ ಗೊತ್ತಾಗುತ್ತದೆ. ಎರಡರ ನಡುವಿನ ಅಂತರ ಎರಡು ಡಿಗ್ರಿಯೊಳಗಿದ್ದರೆ ಚಿಂತೆಯಿಲ್ಲ.

ವಿದ್ಯುತ್ತಿನ ವಿಷಯದಲ್ಲಿ ಉದಾಸೀನ ಬೇಡ. ವೈರು ಪ್ಲಗ್ಗಿಗೆ ಹೋಗುವ ಮೊದಲು ಕೆಳಗೆ ಜೋತುಬಿದ್ದು ಮತ್ತೆ ಮೇಲೇರುವಂತಿರಲಿ. ವೈರಿನ ಗುಂಟ ಇಳಿದ ನೀರು ಆ ತಗ್ಗಿನಲ್ಲೇ ತೊಟ್ಟಿಕ್ಕುತ್ತದೆ, ಪ್ಲಗ್ಗಿನೊಳಕ್ಕೆ ಹೋಗುವುದಿಲ್ಲ. ಮನೆಯ ಲೈನಿಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇದ್ದರೆ ಹೀಟರಿನ ಗಾಜು ಒಡೆದು ಕರೆಂಟ್ ಸೋರಿದಾಗ ಆ ಸುರಕ್ಷತಾ ಸ್ವಿಚ್ ತಾನಾಗಿ ಬಿದ್ದು ಲೈನ್ ಕಡಿಯುತ್ತದೆ. ತೊಟ್ಟಿಗೆ ಕೈ ಹಾಕುವ ಮೊದಲು ಸ್ವಿಚ್ ಆಫ್ ಮಾಡಿ. ನೀರು ತೆಗೆಯುವುದಿದ್ದರೆ ಆಫ್ ಮಾಡಿ ಹದಿನೈದು ನಿಮಿಷ ಬಿಡಿ. ಕಾದ ಹೀಟರ್ ನೀರಿನಿಂದ ಹೊರಗೆ ಬಂದು, ಮತ್ತೆ ತಣ್ಣೀರು ತಾಗಿದರೆ ಟಪ್ಪೆಂದು ಸೀಳುತ್ತದೆ. ಸ್ನಾನದ ನೀರು ಕಾಯಿಸುವ ಇಮ್ಮರ್ಷನ್ ರಾಡನ್ನು ‘ಎರಡೇ ನಿಮಿಷ’ ಎಂದು ತೊಟ್ಟಿಯಲ್ಲಿ ಇಳಿಬಿಡುವ ಅಭ್ಯಾಸ ಕೆಲವೆಡೆ ಇದೆ. ಅದು ಮೀನಿಗೂ ಮನುಷ್ಯರಿಗೂ ಪ್ರಾಣಾಪಾಯ. ತೊಟ್ಟಿಯ ಮೇಲೆ ಹಳೆಯ 40 ವಾಟಿನ ಬಲ್ಬು ನೇತುಹಾಕುವುದೂ ಪ್ರಯೋಜನವಿಲ್ಲ. ಮೇಲಿನ ಎರಡಿಂಚು ನೀರು ಕಾದು ಆವಿಯಾಗುತ್ತದೆ, ಮಲಗುವಾಗ ಬಲ್ಬು ಆರಿಸಿದರೆ ಚಳಿ ಹೆಚ್ಚಾಗುವ ಹೊತ್ತಿಗೇ ಬಿಸಿ ನಿಂತುಹೋಗುತ್ತದೆ.

ನೀರು ಬದಲಿಸುವಾಗಲೇ ಹೆಚ್ಚು ಮೀನು ಕೆಡುತ್ತವೆ. ಭಾನುವಾರ ಬೆಳಿಗ್ಗೆ ಎದ್ದು ನಲ್ಲಿ ತಿರುಗಿಸಿದರೆ ಬರುವುದು ರಾತ್ರಿಯಿಡೀ ಓವರ್‌ಹೆಡ್ ಟ್ಯಾಂಕಿನಲ್ಲಿ ತಣಿದ 17 ಡಿಗ್ರಿಯ ನೀರು. 25 ಡಿಗ್ರಿಯ 45 ಲೀಟರಿನಲ್ಲಿ 11 ಲೀಟರ್ ತೆಗೆದು ಈ ನೀರು ಹೊಯ್ದರೆ ಐದೇ ನಿಮಿಷದಲ್ಲಿ ತೊಟ್ಟಿ 23ಕ್ಕೆ ಇಳಿಯುತ್ತದೆ. ಹೊಸ ನೀರು ಬಿದ್ದ ಜಾಗದಲ್ಲಿದ್ದ ಮೀನಿಗೆ ಇನ್ನೂ ದೊಡ್ಡ ಪೆಟ್ಟು. ಬಕೆಟ್ಟಿನಲ್ಲಿ 10 ಲೀಟರ್ ನೀರು ಹಿಡಿದು, ಅದಕ್ಕೆ ಒಂದು ಲೀಟರಿಗಿಂತ ಸ್ವಲ್ಪ ಹೆಚ್ಚು ಕುದಿದ ನೀರು ಬೆರೆಸಿ ಚೆನ್ನಾಗಿ ಕಲಕಿದರೆ 25ರ ಆಸುಪಾಸಿಗೆ ಬರುತ್ತದೆ. ಥರ್ಮಾಮೀಟರ್ ಅದ್ದಿ ನೋಡಿ, ಕೈಯ ಅಂದಾಜು ಸಾಲದು. ಚಳಿಯಲ್ಲಿ ತಣ್ಣಗಾದ ಕೈಗೆ 21 ಡಿಗ್ರಿಯ ನೀರೂ ಬೆಚ್ಚಗೆನಿಸುತ್ತದೆ. ಗೀಸರಿನ ನೀರಿಗಿಂತ ಸ್ಟೀಲ್ ಪಾತ್ರೆಯಲ್ಲಿ ಕಾಯಿಸಿದ್ದು ವಾಸಿ, ಏಕೆಂದರೆ ಕೆಲವು ಗೀಸರುಗಳ ಒಳಗೆ ತಾಮ್ರದ ಭಾಗಗಳಿರುತ್ತವೆ, ಸೀಗಡಿ ಮತ್ತು ಬಸವನಹುಳು ಇರುವ ತೊಟ್ಟಿಗೆ ತಾಮ್ರ ಆಗದು. ನಲ್ಲಿ ನೀರಾದರೆ ಕ್ಲೋರಿನ್ ತೆಗೆಯುವ ಹನಿಗಳನ್ನು ಬಕೆಟ್ಟಿಗೇ ಹಾಕಿ, ಆಮೇಲೆ ಮಗ್ಗಿನಿಂದ ನಿಧಾನವಾಗಿ ಹೊಯ್ಯಿರಿ. ಚಳಿಗಾಲದಲ್ಲಿ ಈ ಕೆಲಸವನ್ನು ಮಧ್ಯಾಹ್ನಕ್ಕೆ ಇಟ್ಟುಕೊಂಡರೆ ಅರ್ಧ ತೊಂದರೆ ತಾನಾಗಿ ತಪ್ಪುತ್ತದೆ. ಬಿಸಿನೀರನ್ನು ನೇರವಾಗಿ ತೊಟ್ಟಿಗೆ ಮಾತ್ರ ಸುರಿಯಬೇಡಿ.

ಕರೆಂಟ್ ಹೋದರೆ? ಮುಚ್ಚಳವಿರುವ ಎರಡಡಿ ತೊಟ್ಟಿ ಗಂಟೆಗೆ ಅರ್ಧ ಡಿಗ್ರಿಯಷ್ಟು ಇಳಿಯುತ್ತದೆ, ಕಂಬಳಿ ಹೊದಿಸಿದರೆ ಇನ್ನೂ ನಿಧಾನ. ಎರಡು-ಮೂರು ಗಂಟೆ ಏನೂ ಮಾಡಬೇಕಿಲ್ಲ. ಅದಕ್ಕೂ ಮೀರಿದರೆ ಒಂದು ಲೀಟರಿನ ಪ್ಲಾಸ್ಟಿಕ್ ಬಾಟಲಿಗೆ ಸುಮಾರು 50 ಡಿಗ್ರಿಯ ನೀರು ತುಂಬಿ, ಬಿಗಿಯಾಗಿ ಮುಚ್ಚಿ ತೇಲಿಬಿಡಿ. 22 ಡಿಗ್ರಿಗಿಳಿದ 45 ಲೀಟರಿಗೆ ಒಂದು ಬಾಟಲಿ ಅರ್ಧ ಡಿಗ್ರಿ ಕೊಡುತ್ತದೆ. ತಣಿದ ಮೇಲೆ ಬದಲಿಸುತ್ತಿರಿ. ಕುದಿಯುವ ನೀರು ತುಂಬಿದರೆ ಬಾಟಲಿ ಮುರುಟಿಹೋಗುತ್ತದೆ. ಇನ್ವರ್ಟರ್ ಇರುವ ಮನೆಯಲ್ಲಿ 50 ವಾಟಿನ ಹೀಟರ್ ಹಳೆಯ ಸೀಲಿಂಗ್ ಫ್ಯಾನಿನಷ್ಟೂ ಕರೆಂಟ್ ಎಳೆಯುವುದಿಲ್ಲ, ಆ ಲೈನಿಗೇ ಹಾಕಬಹುದು. ದಿನಕ್ಕೆ ಹತ್ತು ಗಂಟೆ ಉರಿದರೂ ತಿಂಗಳಿಗೆ 15 ಯೂನಿಟ್.

ಮೂರು ಲೀಟರಿನ ಗಾಜಿನ ಬೋಗುಣಿಗೆ ಈ ಯಾವ ಉಪಾಯವೂ ಸರಿಹೊಂದುವುದಿಲ್ಲ. ಅಷ್ಟು ಸ್ವಲ್ಪ ನೀರು ದೊಡ್ಡ ತೊಟ್ಟಿಗಿಂತ ಮೂರು-ನಾಲ್ಕು ಪಟ್ಟು ಬೇಗ ತಣಿಯುತ್ತದೆ, ಅದಕ್ಕೆ ಹೊಂದುವ ಭರವಸೆಯ ಹೀಟರ್ ಸಿಗುವುದೂ ಕಷ್ಟ. ಫೈಟರ್ ಮೀನನ್ನು ಅಂಥ ಬೋಗುಣಿಯಲ್ಲಿಟ್ಟು ಮಾರುವುದು ನಿಲ್ಲಬೇಕು. ಅದಕ್ಕೂ ಕನಿಷ್ಠ 15-20 ಲೀಟರ್ ಕೊಡಿ.

ಚಳಿಯಲ್ಲಿ ಊಟ ಕಡಿಮೆ ಮಾಡಿ. ದಿನಕ್ಕೊಮ್ಮೆ, ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟು. ನೀರು ತಣ್ಣಗಿದ್ದಾಗ ಫಿಲ್ಟರಿನಲ್ಲಿ ಅಮೋನಿಯಾ ಎಂಬ ವಿಷವನ್ನು ಇಲ್ಲವಾಗಿಸುವ ಬ್ಯಾಕ್ಟೀರಿಯಾಗಳ ಕೆಲಸವೂ ಮಂದವಾಗುತ್ತದೆ, ಉಳಿದ ಕಾಳು ಕೊಳೆತು ವಿಷವಾಗುತ್ತದೆ. ಬಿಳಿಚುಕ್ಕೆ ಬಂದೇಬಿಟ್ಟರೆ ಔಷಧದ ಜತೆಗೆ ನೀರನ್ನು ದಿನಕ್ಕೆ ಒಂದೆರಡು ಡಿಗ್ರಿಯಂತೆ 28-29ಕ್ಕೆ ಏರಿಸಿ, ಏರ್ ಪಂಪನ್ನು ಜೋರಾಗಿ ಬಿಡಿ. ಬೆಚ್ಚನೆಯ ನೀರಿನಲ್ಲಿ ಆಮ್ಲಜನಕ ಕಡಿಮೆ ಕರಗುತ್ತದೆ.

ಶಾಲೆ, ಕ್ಲಿನಿಕ್, ಬ್ಯಾಂಕುಗಳ ಸ್ವಾಗತಕೋಣೆಯಲ್ಲಿ ಅಂದಕ್ಕೆಂದು ಇಟ್ಟ ತೊಟ್ಟಿಗಳ ಬಗ್ಗೆ ಒಂದು ಮಾತು ಹೇಳಲೇಬೇಕು. ಶನಿವಾರ ಸಂಜೆ ಬೀಗ ಹಾಕುವವರು ಮೇನ್ ಸ್ವಿಚ್ ಇಳಿಸಿ ಹೋಗುತ್ತಾರೆ. ಹೀಟರ್, ಫಿಲ್ಟರ್ ಎರಡೂ ಸೋಮವಾರ ಬೆಳಗಿನವರೆಗೆ ಸತ್ತಂತೆಯೇ. ತೊಟ್ಟಿಗೆ ಪ್ರತ್ಯೇಕ ಲೈನ್ ಎಳೆಸಿ, ಆ ಸ್ವಿಚ್ಚಿನ ಪಕ್ಕ ‘ಆರಿಸಬೇಡಿ’ ಎಂದು ಬರೆದು ಅಂಟಿಸುವುದು ಎಲೆಕ್ಟ್ರಿಷಿಯನ್ನಿಗೆ ಒಂದು ಗಂಟೆಯ ಕೆಲಸ. ಅಂಗಡಿಯವರೂ ಪ್ರತಿ ತೊಟ್ಟಿಯ ಮೇಲೆ ಬೆಲೆಯ ಜತೆಗೆ ಆ ಮೀನಿಗೆ ಬೇಕಾದ ಉಷ್ಣಾಂಶವನ್ನೂ ಬರೆದರೆ ಕೊಳ್ಳುವವರಿಗೆ ದೊಡ್ಡ ಉಪಕಾರ.

ಶಿವರಾತ್ರಿಗೆ ಚಳಿ ಹೋಯಿತೆಂದು ಹೀಟರನ್ನು ಒಮ್ಮೆಲೇ ಕಿತ್ತಿಡಬೇಡಿ. ನೀರು ಬೆಚ್ಚಗಾದರೆ ಅದು ತಾನಾಗಿ ಆಫ್ ಆಗಿರುತ್ತದೆ. ತೆಗೆದಿಡುವಾಗ ಗಾಜಿನ ಮೇಲೆ ಕಟ್ಟಿದ ಸುಣ್ಣದ ಬಿಳಿ ಪದರವನ್ನು ನಿಂಬೆರಸ ಬೆರೆಸಿದ ನೀರಿನಲ್ಲಿ ನೆನೆಸಿ ತೊಳೆಯಿರಿ, ಬೋರ್‌ವೆಲ್ ನೀರಿನವರಿಗೆ ಇದು ಹೆಚ್ಚು. ಆ ಪದರ ಉಳಿದರೆ ಬಿಸಿ ನೀರಿಗೆ ಹೋಗದೆ ಹೀಟರಿನೊಳಗೇ ಉಳಿದು ಅದರ ಆಯುಷ್ಯ ಕಡಿಮೆಯಾಗುತ್ತದೆ. ಮಡಿಕೇರಿ, ಆಗುಂಬೆ, ಸಕಲೇಶಪುರದ ಕಡೆಯವರು ಅದನ್ನು ಅಟ್ಟಕ್ಕೆ ಹಾಕುವ ಹಾಗೂ ಇಲ್ಲ. ಜೂನ್-ಜುಲೈ ಮಳೆಯಲ್ಲಿ ಹಗಲಿಗೂ ಇಪ್ಪತ್ತರ ಆಸುಪಾಸು, ಕರೆಂಟಿನದ್ದೂ ನೆಚ್ಚಿಕೆಯಿಲ್ಲ. ಅವರ ತೊಟ್ಟಿಗೆ ವರ್ಷಕ್ಕೆ ಎರಡು ಚಳಿಗಾಲ.

ಇಂತಿ,
ಮೀನು ಸಾಕುವ ಓದುಗ, ಚಿಕ್ಕಮಗಳೂರು