ಬೀಟೆ, ತೇಗದ ಸಾಮಾನಿನ ಪಾಲಿಶ್ ಬದಲಾಯಿಸಿದ್ದೇವೆ: ನಮ್ಮ ಗ್ರಾಹಕರಿಗೆ ಪತ್ರ

ಹಾಸನ

ನಮ್ಮ ಎಲ್ಲ ಗ್ರಾಹಕರಿಗೆ ನಮಸ್ಕಾರ.

ನೇರವಾಗಿ ವಿಷಯಕ್ಕೆ ಬರುತ್ತೇನೆ. ಈ ತಿಂಗಳಿನಿಂದ ನಮ್ಮ ಶೆಡ್ಡಿನ ಲೇತಿನಲ್ಲಿ ಬೀಟೆ ಮತ್ತು ತೇಗದಿಂದ ಕಡೆದ ಯಾವ ಸಾಮಾನಿಗೂ ನಾವು ಡಬ್ಬಿ ವಾರ್ನಿಷ್ ಹಚ್ಚುವುದಿಲ್ಲ. ತಳಕ್ಕೆ ಸ್ಪಿರಿಟ್‌ನಲ್ಲಿ ಕರಗಿಸಿದ ಅರಗು, ಅದರ ಮೇಲೆ ಎರಡು ಡಬ್ಬಿ ಬೆರೆಸಿ ಹಚ್ಚುವ ಪಿಯು, ಅಂದರೆ ಪಾಲಿಯುರೆಥೇನ್ ಪಾಲಿಶ್. ಇದರಿಂದ ದರ ಏರುತ್ತದೆ, ಹತ್ತು ದಿನದ ಕೆಲಸಕ್ಕೆ ನಾಲ್ಕು ವಾರ ಹಿಡಿಯುತ್ತದೆ, ಜೂನ್‌ನಿಂದ ಸೆಪ್ಟೆಂಬರ್ ಕೊನೆಯವರೆಗೆ ಈ ಎರಡು ಮರಗಳ ಪಾಲಿಶ್ ಕೆಲಸ ಪೂರ್ತಿ ಬಂದ್. ಸಿಲ್ವರ್ ಓಕ್, ಹಲಸು, ಕಾಫಿ ಗಿಡದ ಸಾಮಾನಿಗೆ ಏನೂ ಬದಲಾಗಿಲ್ಲ. ದರವೂ ಹಳೆಯದೇ.

ಕಾರಣ ನಿಮಗೆ ಗೊತ್ತು. ಕಳೆದ ಎರಡು ಮಳೆಗಾಲದಲ್ಲಿ ಕೊಟ್ಟ ಬೀಟೆ ಸಾಮಾನು ಕೈಗೆ ಅಂಟುತ್ತದೆ ಎಂದು ಫೋನ್ ಮಾಡಿದಿರಿ. ಕೆಲವರು ಹೊತ್ತು ತಂದು, ಒಂದು ಮಾತೂ ಆಡದೆ, ಕೌಂಟರ್ ಮೇಲಿಟ್ಟು ಹೋದಿರಿ. ಸಕಲೇಶಪುರದ ಹೋಂಸ್ಟೇಯ ಮೆಟ್ಟಿಲ ಕಂಬಗಳ ಕತೆಯಂತೂ ಊರಿಗೆಲ್ಲ ಗೊತ್ತು. ಕಂಬದ ಪಾಲಿಶ್ ಅಂಟಿಸಿಕೊಂಡ, ಬಿಳಿ ಅಂಗಿ ತೊಟ್ಟ ಅತಿಥಿಯ ತೋಳಿನ ಫೋಟೋ ನನ್ನ ವಾಟ್ಸಾಪಿಗೂ ಬಂತು, ನಾಲ್ಕು ಕಡೆಯಿಂದ. ತಪ್ಪು ನಮ್ಮದು. ಕ್ಷಮಿಸಿ.

ಆದರೆ ಯಾವ ತಪ್ಪು ಎನ್ನುವುದರಲ್ಲಿ ನನ್ನ ತಕರಾರಿದೆ.

‘ಹಸಿ ಮರ ಕೊಟ್ಟು ಸಾಗಹಾಕಿದ್ರು’ ಎಂಬ ಮಾತನ್ನು ಈ ವರ್ಷ ಕೇಳಿ ಕೇಳಿ ಸಾಕಾಗಿದೆ. ಸಂತೆಯಲ್ಲಿ ಕೇಳಿದೆ. ಮದುವೆ ಊಟದಲ್ಲಿ ಪಕ್ಕದ ಎಲೆಯವರಿಂದ ಕೇಳಿದೆ. ನಮ್ಮ ಸೋದರಮಾವನೂ ಅದನ್ನೇ ಅಂದ. ಇದಕ್ಕೆ ಉತ್ತರ ಹೇಳದೆ ನನಗೆ ನಿದ್ದೆ ಬರುವುದಿಲ್ಲ, ಹಾಗಾಗಿ ಸ್ವಲ್ಪ ಉದ್ದವಾದರೂ ಓದಿ.

ನಮ್ಮಲ್ಲಿ ಕೊಂಡ ಬೀಟೆಯ ಕುಂಕುಮದ ಭರಣಿಯನ್ನು ಕೈಗೆ ತೆಗೆದುಕೊಳ್ಳಿ. ಮುಚ್ಚಳ ತಿರುಗಿಸಿ. ಒಂದು ಸುತ್ತು ಸಲೀಸಾಗಿ ತಿರುಗಿತೆ? ಹಾಗಾದರೆ ಮರ ಒಣಗಿತ್ತು. ಹಸಿ ಮರ ಒಣಗುವಾಗ ಎಲ್ಲ ದಿಕ್ಕಿಗೂ ಒಂದೇ ಸಮ ಕುಗ್ಗುವುದಿಲ್ಲ. ದುಂಡಗೆ ಕಡೆದ ಬಾಯಿ ಕೋಳಿಮೊಟ್ಟೆಯ ಆಕಾರಕ್ಕೆ ತಿರುಗುತ್ತದೆ, ಮುಚ್ಚಳ ಒಂದು ಕಡೆ ಹಿಡಿಯುತ್ತದೆ, ಇನ್ನೊಂದು ಕಡೆ ಅಲ್ಲಾಡುತ್ತದೆ. ಅಂಟುತ್ತದೆ ಎಂದು ವಾಪಸ್ ಬಂದ ಭರಣಿಗಳಲ್ಲಿ ಮುಚ್ಚಳ ಕೂರದ್ದು ಒಂದೂ ಇರಲಿಲ್ಲ. ಒಂದೊಂದನ್ನೂ ನಾನೇ ತಿರುಗಿಸಿ ನೋಡಿದ್ದೇನೆ.

ಇನ್ನೊಂದು ಪರೀಕ್ಷೆಯಿದೆ. ನಿಮ್ಮ ಬಟ್ಟಲಿನ ಅಂಚಿನಲ್ಲಿ ಮರದ ಹೊರಗಿನ ಬಿಳಿ ಭಾಗ ಒಂದಿಷ್ಟು ಉಳಿದಿದ್ದರೆ ಅಲ್ಲಿ ಬೆರಳಿಡಿ. ಅಂಟುವುದಿಲ್ಲ. ಅಲ್ಲೇ ಪಕ್ಕದ ಕಪ್ಪುನೇರಳೆ ಕೆಚ್ಚಿನ, ಅಂದರೆ ಮರದ ಒಳಗಿನ ಗಟ್ಟಿ ಭಾಗದ ಮೇಲಿಡಿ. ಅಂಟುತ್ತದೆ. ಒಂದೇ ಮರ, ಒಂದೇ ಡಬ್ಬಿ, ಒಂದೇ ದಿನ, ಒಂದೇ ಬ್ರಷ್ಷು. ಮರ ಹಸಿಯಾಗಿದ್ದರೆ ಮೊದಲು ಕೈಕೊಡಬೇಕಾದದ್ದು ಬಿಳಿ ಭಾಗ, ಬದುಕಿರುವ ಮರದಲ್ಲಿ ನೀರು ಏರುವುದೇ ಅಲ್ಲಿ. ನಮ್ಮ ಕಣ್ಣು ತೆರೆಸಿದ್ದೂ ಇಂಥದೊಂದು ಬಟ್ಟಲೇ. ಅರ್ಧ ಗಾಜಿನಂತೆ ಒಣಗಿತ್ತು, ಅರ್ಧ ಬೆಲ್ಲದ ಪಾಕದಂತಿತ್ತು, ನಡುವಿನ ಗೆರೆ ಕೆಚ್ಚು ಶುರುವಾಗುವ ಕಡೆ ಸರಿಯಾಗಿ ಕೂತಿತ್ತು.

ಡಬ್ಬಿ ವಾರ್ನಿಷ್ ಒಗೆದ ಬಟ್ಟೆ ಆರಿದ ಹಾಗೆ ಒಣಗುವ ವಸ್ತುವಲ್ಲ. ಥಿನ್ನರ್ ಆರಿಹೋದ ಮೇಲೆ ಒಳಗಿನ ಎಣ್ಣೆ ಗಾಳಿಯ ಆಮ್ಲಜನಕ ಹಿಡಿದು, ಒಂದಕ್ಕೊಂದು ಹೆಣೆದುಕೊಂಡು ಗಟ್ಟಿಯಾಗಬೇಕು. ಬೀಟೆಯ ಕೆಚ್ಚಿನಲ್ಲಿ ಫಿನಾಲ್, ಕ್ವಿನೋನ್ ಜಾತಿಯ ರಸಾಯನಗಳಿವೆ. ಅವು ಆ ಹೆಣಿಗೆಯನ್ನು ನಡುವೆಯೇ ಕತ್ತರಿಸುತ್ತವೆ. ತೇಗದಲ್ಲೂ ಅಂಥವೇ ಇವೆ, ಜೊತೆಗೆ ರಬ್ಬರಿನಂಥ ಜಿಡ್ಡು ಬೇರೆ. ನಿಮ್ಮ ಅಜ್ಜನ ಕಾಲದ ತೊಲೆಗೆ ಗೆದ್ದಲು ಹತ್ತದಂತೆ ಕಾದದ್ದೂ ಇಂಥ ರಸಾಯನಗಳೇ. ಗೆದ್ದಲಿಗೆ ಕೊಟ್ಟ ಏಟನ್ನೇ ನಮ್ಮ ವಾರ್ನಿಷ್‌ಗೂ ಕೊಟ್ಟವು.

ಇದು ನಮಗೆ ಗೊತ್ತಿರಬೇಕಿತ್ತು. ನಮ್ಮ ತಪ್ಪು ಅದು. ಬೇಸಿಗೆಯಲ್ಲಿ ಹಚ್ಚಿದ್ದು ತಡವಾಗಿಯಾದರೂ ಒಣಗಿತು, ಅದನ್ನೇ ನಂಬಿಕೊಂಡು ಮಳೆಗಾಲದಲ್ಲೂ ಹಚ್ಚಿದೆವು. ‘ಬೀಟೆಗೆ ಅರಗು ಬಿಟ್ಟು ಬೇರೆ ಸೇರಲ್ಲ ಕಣಪ್ಪ’ ಎಂದು ನಮ್ಮ ದೊಡ್ಡಾಚಾರ್ರು ಆವತ್ತೇ ಹೇಳಿದ್ದರು. ಹಳೇ ಕಾಲದವರು ಹೀಗೇ ಹೇಳೋದು ಅಂದುಕೊಂಡೆ. ಈಗ ಅವರು ಏನೂ ಹೇಳುವುದಿಲ್ಲ, ನನ್ನನ್ನು ನೋಡಿ ಎಲೆ ಅಡಿಕೆ ಹಾಕಿಕೊಳ್ಳುತ್ತಾರೆ, ಅಷ್ಟೆ.

ಹಸಿ ಮರ ಎಂದೂ ಕೊಟ್ಟೇ ಇಲ್ಲ ಎಂದು ಎದೆ ತಟ್ಟಿಕೊಳ್ಳುವುದಿಲ್ಲ. ಒಮ್ಮೆ ಸಿಲ್ವರ್ ಓಕಿನ ಮಂಚದ ಕಾಲುಗಳು ಸೀಳಿದವು. ಆ ಮನೆಯವರಿಗೆ ಹಣ ವಾಪಸ್ ಕೊಟ್ಟೆವು, ಅವರು ಈಗಲೂ ನಮ್ಮಲ್ಲಿಗೇ ಬರುತ್ತಾರೆ. ಬೀಟೆಯಲ್ಲಿ ಮಾತ್ರ ಹಾಗೆ ಆಗಿಲ್ಲ.

ಮತ್ತೆ ಮೊದಲು ಹಚ್ಚುತ್ತಿದ್ದ ಅರಗು ಬಿಟ್ಟದ್ದಾದರೂ ಯಾಕೆ? ಬಿಡಿ ಎಂದು ನೀವೇ ಹೇಳಿದ್ದಿರಿ. ಜಗಳಕ್ಕಲ್ಲ, ನೆನಪಿಗೆ ಹೇಳುತ್ತಿದ್ದೇನೆ. ಅರಗು ಸ್ಪಿರಿಟ್ ಆರಿದರೆ ಸಾಕು, ಒಣಗುತ್ತದೆ. ಗಾಳಿಯ ಹಂಗಿಲ್ಲ, ಹೆಣಿಗೆಯ ಕೆಲಸವಿಲ್ಲ, ಆದ್ದರಿಂದ ಬೀಟೆಯ ರಸಾಯನಕ್ಕೆ ಅಲ್ಲಿ ಕತ್ತರಿಸಲು ಏನೂ ಇಲ್ಲ. ಆದರೆ ಬಿಸಿಗೆ ಮೆತ್ತಗಾಗುತ್ತದೆ, ನೀರು ನಿಂತರೆ ಬೆಳ್ಳಗಾಗುತ್ತದೆ. ಲೋಟ ಇಟ್ಟ ಕಡೆಯೆಲ್ಲ ಬಿಳಿ ಉಂಗುರ. ‘ಕಾಫಿ ಬೆಳೆಯೋ ಊರಲ್ಲಿ ಕಾಫಿ ಲೋಟ ತಡೀದಿರೋ ಪಾಲಿಶ್ ಹಾಕ್ತೀರಲ್ಲ’ ಎಂದು ಮೂಡಿಗೆರೆ ಕಡೆಯ ಒಬ್ಬರು ಕೇಳಿದಾಗ ನನ್ನ ಹತ್ತಿರ ಉತ್ತರ ಇರಲಿಲ್ಲ. ಉಂಗುರ ತಪ್ಪಿಸಲು ಹೋಗಿ ಅಂಟಿಗೆ ಸಿಕ್ಕಿಬಿದ್ದೆವು.

ಈಗಿನ ಕ್ರಮದಲ್ಲಿ ಎರಡೂ ಇವೆ. ಲೇತನ್ನು ನಿಧಾನ ತಿರುಗಿಸಿ ಹೊಸ ಸ್ಯಾಂಡ್ ಪೇಪರಿನಿಂದ ಉಜ್ಜುತ್ತೇವೆ. ಜೋರಾಗಿ ಉಜ್ಜಿದರೆ ಕಾವಿಗೆ ಎಣ್ಣೆ ಮೇಲಕ್ಕೆ ಬಂದು ಪೇಪರನ್ನೂ ಕಟ್ಟಿಸುತ್ತದೆ. ಆಮೇಲೆ ಅಸಿಟೋನ್ ಬಟ್ಟೆಯಿಂದ ಒರೆಸುತ್ತೇವೆ. ಬಟ್ಟೆ ನೇರಳೆ ಹಣ್ಣು ತಿಂದ ನಾಲಿಗೆಯ ಬಣ್ಣಕ್ಕೆ ಬರುತ್ತದೆ. ಒರೆಸಿದ್ದು ಮೇಲ್ಮೈಗೆ ಮಾತ್ರ, ಒಳಗಿನ ಎಣ್ಣೆ ಮತ್ತೆ ಜಿನುಗುತ್ತದೆ. ಹಾಗಾಗಿ ಗಂಟೆಯೊಳಗೆ ತೆಳ್ಳಗೆ ಅರಗು ಹಚ್ಚಿ ಆ ಎಣ್ಣೆಗೆ ಬಾಗಿಲು ಹಾಕಿಬಿಡಬೇಕು. ಸಂಜೆ ಹಚ್ಚೋಣ ಎಂದು ಊಟಕ್ಕೆ ಹೋಗಿ ಬಂದರೆ ಒರೆಸಿದ್ದು ದಂಡ. ಈ ಒರೆಸುವಾಗ ಕೆಚ್ಚಿನ ಬಣ್ಣ ಬಿಳಿ ಅಂಚಿಗೆ ಸ್ವಲ್ಪ ಇಳಿಯುತ್ತದೆ. ಅಂಚು ಗುಲಾಬಿಯಾಗಿ ಕಂಡರೆ ಅದು ಕೊಳೆಯಲ್ಲ.

ಅರಗಿನಲ್ಲೂ ಒಂದು ತೊಡಕಿದೆ. ಮಾಮೂಲಿ ಅರಗಿನಲ್ಲಿ ಸ್ವಲ್ಪ ಮೇಣ ಇರುತ್ತದೆ, ಮೇಣದ ಮೇಲೆ ಪಿಯು ಕಚ್ಚುವುದಿಲ್ಲ, ನಾಲ್ಕು ತಿಂಗಳಿಗೆ ಹಪ್ಪಳದಂತೆ ಏಳುತ್ತದೆ. ಅದಕ್ಕೆ ಅರಗಿನ ಚಕ್ಕೆಯನ್ನು ಸ್ಪಿರಿಟ್‌ನಲ್ಲಿ ಕರಗಿಸಿ, ಅಲುಗಾಡಿಸದೆ ದಿನಗಟ್ಟಲೆ ಇಟ್ಟು, ಬೇಳೆಕಟ್ಟು ಬಸಿದ ಹಾಗೆ ಮೇಲಿನ ತಿಳಿ ಮಾತ್ರ ತೆಗೆಯುತ್ತೇವೆ. ಅದರ ಮೇಲೆ ಪಿಯು ಮೂರು ಕೈ. ಒಂದು ಕೈಗೂ ಇನ್ನೊಂದಕ್ಕೂ ಒಂದು ದಿನವಾದರೂ ಬಿಟ್ಟು, 320 ನಂಬರಿನ ಸ್ಯಾಂಡ್ ಪೇಪರಿನಲ್ಲಿ ಹಗುರಾಗಿ ಸವರಿ. ಎರಡು ಡಬ್ಬಿಯ ಪಿಯು ಗಟ್ಟಿಯಾಗುವುದು ಎರಡನೇ ಡಬ್ಬಿಯಲ್ಲಿರುವ ಹಾರ್ಡ್‌ನರ್ ಸೇರುವುದರಿಂದ, ಗಾಳಿಯ ಆಮ್ಲಜನಕಕ್ಕೆ ಅದು ಕಾಯುವುದಿಲ್ಲ. ಕೊನೆಯ ಕೈ ಆದ ಮೇಲೆ ಒಂದು ವಾರ ಯಾರೂ ಮುಟ್ಟುವ ಹಾಗಿಲ್ಲ. ಬಿಸಿ ಲೋಟ ಇಟ್ಟು ನೋಡಿದ್ದೇವೆ, ಉಂಗುರ ಬಂದಿಲ್ಲ. ಒಲೆಯಿಂದ ಇಳಿಸಿದ ಪಾತ್ರೆಯನ್ನೇ ತಂದಿಡಬೇಡಿ ದಯವಿಟ್ಟು.

ದರದ ಮಾತು. ಭರಣಿ 450 ರೂಪಾಯಿ ಇದ್ದದ್ದು 620 ಆಗಿದೆ, ಮೆಟ್ಟಿಲ ಕಂಬಕ್ಕೆ ಒಂದಕ್ಕೆ 180 ಹೆಚ್ಚು. ‘ಬೀಟೆ ಹೆಸರಲ್ಲಿ ಸುಲೀತಾರೆ’ ಎಂಬ ಮಾತೂ ಕಿವಿಗೆ ಬಿದ್ದಿದೆ. ಬೀಟೆ ಕಡಿಯಲು ಅರಣ್ಯ ಇಲಾಖೆಯ ಅನುಮತಿ, ಸಾಗಿಸಲು ಪಾಸು ಎಲ್ಲ ಬೇಕು, ನಿಜ. ಆದರೆ ಒಂದು ಭರಣಿಗೆ ಹೋಗುವುದು ಒಂದು ಹಿಡಿ ಮರ. ಈ ಏರಿಕೆಯಲ್ಲಿ ಮರದ ಪಾಲು ಒಂದು ರೂಪಾಯಿಯೂ ಇಲ್ಲ. ಹಾರ್ಡ್‌ನರ್ ಬೆರೆಸಿದ ಪಿಯು ನಾಲ್ಕು ಗಂಟೆಯೊಳಗೆ ಮುಗಿಯಬೇಕು, ಉಳಿದದ್ದು ಬಟ್ಟಲಿನಲ್ಲೇ ಕಲ್ಲಾಗುತ್ತದೆ. ನಾಲ್ಕು ಭರಣಿಗೆಂದು ಬೆರೆಸಿದರೆ ಹಚ್ಚಿದ್ದಕ್ಕಿಂತ ಎಸೆದದ್ದೇ ಹೆಚ್ಚು. ಅದಕ್ಕೇ ಈಗ ಗುರುವಾರ ಒಂದೇ ದಿನ ಬೆರೆಸುವುದು, ನಿಮ್ಮ ಸಾಮಾನು ಸೋಮವಾರ ಸಿದ್ಧವಾದರೂ ಗುರುವಾರಕ್ಕೇ ಕಾಯಬೇಕು. ಅರಗಿನ ತಳದಲ್ಲಿ ಉಳಿಯುವ ಗಸಿಗೂ ದುಡ್ಡು ಕೊಟ್ಟಿರುತ್ತೇವೆ. ಇನ್ನು ಮಾಸ್ಕು. ಹಾರ್ಡ್‌ನರ್‌ನಲ್ಲಿ ಐಸೊಸೈನೇಟ್ ಇದೆ, ಅದು ಶ್ವಾಸಕೋಶಕ್ಕೆ ಕೆಟ್ಟದ್ದು, ಒಮ್ಮೆ ಅಸ್ತಮಾ ಹಿಡಿದರೆ ಸುಲಭಕ್ಕೆ ಬಿಡುವುದಿಲ್ಲ. ಮೊದಲು ಮೂಗಿಗೆ ಟವೆಲ್ ಕಟ್ಟಿಕೊಂಡು ಕೆಲಸ ಸಾಗುತ್ತಿತ್ತು. ಈಗ ಫಿಲ್ಟರ್ ಇರುವ ಮಾಸ್ಕೇ ಬೇಕು, ಫಿಲ್ಟರ್ ಆಗಾಗ ಬದಲಾಯಿಸಬೇಕು. ನಮ್ಮಲ್ಲಿ ಪಾಲಿಶ್ ಹಚ್ಚುವ ಹುಡುಗನಿಗೆ ಇಪ್ಪತ್ತಮೂರು ವರ್ಷ. ಈ ಒಂದು ಖರ್ಚಿನಲ್ಲಿ ಚೌಕಾಸಿ ಮಾಡಬೇಡಿ.

ನಿವೃತ್ತ ಮೇಷ್ಟರೊಬ್ಬರು ಬೇರೆಯದೇ ದಾರಿಯಲ್ಲಿ ಬಂದರು. ‘ಬೇಲೂರಿನ ಕಂಬಾನೂ ಕಡೆದೇ ಮಾಡಿದ್ದು ಅಂತಾರೆ. 1117ರಿಂದ ನಿಂತಿದೆ. ಅದಕ್ಕೆ ಯಾರಪ್ಪ ಪಿಯು ಹೊಡೆದೋರು?’ ಸಾರ್, ಅದು ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಮೆತ್ತಗಿದ್ದು ಗಾಳಿಗೆ ಗಟ್ಟಿಯಾಗುವ ಜಾತಿ. ನಮ್ಮ ಮರಕ್ಕೆ ಆ ಪುಣ್ಯ ಇಲ್ಲ.

ಮಳೆಗಾಲದ ಬಂದ್ ಬಗ್ಗೆ ಬೇಸರ ಮಾಡಿಕೊಳ್ಳಬೇಡಿ. ಆರಿದ್ರ ಹಿಡಿದ ಮೇಲೆ ನಮ್ಮ ಶೆಡ್ಡಿನಲ್ಲಿ ಉಪ್ಪು ಕೂಡ ನೀರೊಡೆಯುತ್ತದೆ. ಆ ತೇವಕ್ಕೆ ಅರಗು ಹಾಲಿನ ಕೆನೆಯಂತೆ ಬೆಳ್ಳಗಾಗುತ್ತದೆ, ಹಾರ್ಡ್‌ನರ್ ನೀರಿನ ಜೊತೆ ಸೇರಿ ಗುಳ್ಳೆ ಏಳುತ್ತದೆ. ಶ್ರಾವಣದ ಗೃಹಪ್ರವೇಶಕ್ಕೆ ಬೇಕಾದವರು ಏಪ್ರಿಲ್ ಮುಗಿಯುವುದರೊಳಗೆ ಹೇಳಿ. ಕಾಫಿ ಕುಯ್ಲು ಮುಗಿಸಿ ಬರುವವರಿಗೆ ಹೇಗೂ ಸಮಯ ಇರುತ್ತದೆ.

ಲಟ್ಟಣಿಗೆ, ಕಡಗೋಲಿಗೆ ಈ ಯಾವುದೂ ಇಲ್ಲ. ಅವಕ್ಕೆ ಮೊದಲಿನಂತೆ ಕೊಬ್ಬರಿ ಎಣ್ಣೆ, ಅದನ್ನೂ ನೀವೇ ಹಚ್ಚಿಕೊಳ್ಳಬಹುದು. ಮಗು ಬಾಯಿಗಿಡುವ ತೊಟ್ಟಿಲ ಗುಂಡುಗಳಿಗೆ ಅರಗು ಮಾತ್ರ. ನೀವು ನುಂಗುವ ಕೆಲವು ಮಾತ್ರೆಗಳ ಮೇಲಿನ ಲೇಪವೂ ಅರಗೇ. ಪ್ಯಾಕಿಂಗ್ ಪೆಟ್ಟಿಗೆಯ ಪೈನ್ ತಂದು ಕಡೆಸಿಕೊಳ್ಳುವವರಿಗೆ ಒಂದು ಮಾತು: ಗಂಟುಗಳಿಂದ ಅಂಟು ಬೇಸಿಗೆಯಲ್ಲಿ ಒಸರುತ್ತದೆ. ಒಣಗಿಸುವಾಗಲೇ 70 ಡಿಗ್ರಿ ದಾಟಿಸಿದ್ದರೆ ಅದು ಒಳಗೇ ಗಟ್ಟಿಯಾಗಿರುತ್ತದೆ, ಆದರೆ ಪೆಟ್ಟಿಗೆ ಮರಕ್ಕೆ ಯಾರು ಅಷ್ಟು ಮಾಡಿರುತ್ತಾರೆ? ಗಂಟಿನ ಮೇಲೆ ಎರಡು ಕೈ ಅರಗು ಹಚ್ಚಿ ಕೊಡುತ್ತೇವೆ, ಗ್ಯಾರಂಟಿ ಕೊಡುವುದಿಲ್ಲ.

ಈಗಾಗಲೇ ಅಂಟಿನ ಸಾಮಾನು ಮನೆಯಲ್ಲಿಟ್ಟುಕೊಂಡವರು ಅದನ್ನು ತನ್ನಿ. ಹಳೆಯದನ್ನು ತೆಗೆದು ಹೊಸ ಕ್ರಮದಲ್ಲಿ ಮಾಡಿ ಕೊಡುತ್ತೇವೆ, ಒಂದು ಪೈಸೆಯೂ ಬೇಡ. ಬಿಲ್ ಕಳೆದಿದ್ದರೂ ಪರವಾಗಿಲ್ಲ, ತಳದ ಉಳಿ ಗುರುತು ನೋಡಿದರೆ ನಮ್ಮ ಕೈಕೆಲಸ ನಮಗೆ ಗೊತ್ತಾಗುತ್ತದೆ. ಮೆಟ್ಟಿಲ ಕಂಬಗಳನ್ನು ಕಿತ್ತು ತರುವುದು ಕಷ್ಟ, ಅದಕ್ಕೆ ನಾವೇ ಬರುತ್ತೇವೆ. ಸಕಲೇಶಪುರದ ಮನೆಗೆ ಮೊದಲು, ಅದು ಮಾತಾಗಿದೆ. ಅಲ್ಲಿಯವರೆಗೆ ಅದರ ಮೇಲೆ ಇನ್ನೊಂದು ಕೈ ವಾರ್ನಿಷ್ ಹೊಡೆಸಬೇಡಿ, ಅದೂ ಅಂಟುತ್ತದೆ. ಒಣಗಲೆಂದು ಬಿಸಿಲಿಗೆ ಇಡಬೇಡಿ, ಬೀಟೆಯ ಬಣ್ಣ ಹಾರುತ್ತದೆ. ಹರಳೆಣ್ಣೆ ಹಚ್ಚಿ ತಂದ ಅಜ್ಜಿಗೆ ನಾನು ಏನೂ ಅನ್ನಲಿಲ್ಲ, ಆದರೆ ಅದನ್ನು ಬಿಡಿಸಲು ಎರಡು ದಿನ ಬೇಕಾಯಿತು.

ತರುವಾಗ ಹಳೆಯ ಹತ್ತಿ ಬಟ್ಟೆಯಲ್ಲಿ ಸುತ್ತಿ ತನ್ನಿ, ನ್ಯೂಸ್‌ಪೇಪರ್ ಬೇಡ. ಹಾಗೆ ಸುತ್ತಿ ಬಂದ ಒಂದು ಬಟ್ಟಲು ನಮ್ಮ ಕಪಾಟಿನಲ್ಲಿದೆ, ಅದರ ಮೇಲೆ ಕಾಳುಮೆಣಸಿನ ಧಾರಣೆ ಇನ್ನೂ ಓದಬಹುದು, ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿ.

ಇತಿ ನಿಮ್ಮ,
ಬೇಲೂರು ರಸ್ತೆಯ ಲೇತಿನ ಶೆಡ್ಡಿನವರು
(ಸೋಮವಾರ ರಜೆ ಎಂದು ಬೋರ್ಡಿದ್ದರೂ ಹಿಂದಿನ ಬಾಗಿಲು ತಟ್ಟಿ)